ದವಾಖಾನಿ ಅಕ್ಕೋರ ಟಪಾಲು

ಬಹುಕಾಲದ ಕಾಯಿಲೆ, ಮನಸ್ಸಿನ ಕಾಯಿಲೆ ಇದ್ದವರು ಮತ್ತು ಅವರ ಮನೆಯವರು ಬರೆಯುವ ಪತ್ರಗಳಿಗೆ ಇಲ್ಲಿ ಉತ್ತರ. ಬರೆಯುವವರು ಗದಗ ಜಿಲ್ಲೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. 2003ರಿಂದ ಸಂಧಿವಾತ, 2008ರಿಂದ ಬೈಪೋಲಾರ್ ಕಾಯಿಲೆ (ಕೆಲವು ಕಾಲ ಹುರುಪು ಮಿತಿಮೀರಿ, ಕೆಲವು ಕಾಲ ಮನಸ್ಸು ಕತ್ತಲಿಗೆ ಕುಸಿಯುವ ಕಾಯಿಲೆ) ಇದೆ. ವೈದ್ಯರಲ್ಲ.

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷದಿಂದ ಲೂಪಸ್ (ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ಮೂರು ವರ್ಷದಿಂದ ಖಿನ್ನತೆಗೂ ಗುಳಿಗೆ ನುಂಗುತ್ತಿದ್ದೇನೆ. ಕಾಯಿಲೆಯ ಹೆಸರು ತಿಳಿಯುವುದಕ್ಕೇ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅನಿಸಿ, ನನ್ನಂಥವರಿಗಾಗಿ ಏನಾದರೂ ಮಾಡಬೇಕೆಂಬ ಆಸೆ. "ತನ್ನ ಮೈ ತಾ ಹಿಡೀಲಾರದಾಕಿ ಊರ ಉಸಾಬರಿ ಮಾಡ್ತಾಳಂತ" ಎಂದು ಅತ್ತೆ ಆಡಿಕೊಳ್ಳುತ್ತಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ. ವಾರದಲ್ಲಿ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಗುಣವೇ ಆಗದವಳು ಬೇರೆಯವರಿಗೆ ಏನು ಹೇಳಲಿ? ಶುರು ಮಾಡಿ ನಡುವೆ ಬಿಟ್ಟರೆ ನಗೆಪಾಟಲಾಗುವುದಿಲ್ಲವೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಂಗಿ, ಮೊದಲು ಒಂದು ನಗುವ ಮಾತು. ಇಂಥ ಕೆಲಸಕ್ಕೆ 'ಹೆಲ್ತ್ ಅಡ್ವೊಕೇಟ್' ಅನ್ನುತ್ತಾರೆಂದು ಒಂದು ತರಬೇತಿಯಲ್ಲಿ ಕೇಳಿ ಬಂದು ಮನೆಯಲ್ಲಿ ಹೇಳಿದೆ. ನಮ್ಮ ಭಾವನವರು "ಹಂಗಾರ ಕರಿ ಕೋಟು ಯಾವಾಗ ಹೊಲಸ್ತೀವಾ?" ಅಂದರು. ಅದಕ್ಕೆ ಒಳ್ಳೆಯ ಕನ್ನಡ ಹುಡುಕುವಷ್ಟರಲ್ಲಿ ದವಾಖಾನೆಯ ಬೆಂಚಿನ ಮೇಲೆ ಕೂರುವ ಹೆಣ್ಣುಮಕ್ಕಳೇ ನನಗೊಂದು ಹೆಸರಿಟ್ಟರು, ದವಾಖಾನಿ ಅಕ್ಕೋರು ಅಂತ. ಅದೇ ಉಳಿಯಿತು.

ನಾನು ಇದಕ್ಕೆ ಇಳಿದದ್ದು ಗುಣವಾದ ಮೇಲಲ್ಲ, ಸಾಯುವಷ್ಟಾದ ಮೇಲೆ. 2011ರ ಬೇಸಿಗೆ. ಮೊಣಕಾಲು ಬಾತಿತ್ತು. ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ದಿನಕ್ಕೆರಡರಂತೆ ನುಂಗತೊಡಗಿದೆ. ಮನಸ್ಸಿನ ಕಾಯಿಲೆಗೆ ಲಿಥಿಯಂ ನಡೆದೇ ಇತ್ತು. ಎಂಟನೆಯ ದಿನಕ್ಕೆ ಭೇದಿ ಹತ್ತಿತು. ಕೈ ನಡುಗಿ, ಬೋರ್ಡಿನ ಮೇಲೆ 'ಅ' ಬರೆದರೆ ಹಾವು ಹರಿದ ಹಾಗಾಯಿತು. ಒಂದನೇ ಇಯತ್ತೆಯ ಮಕ್ಕಳು ಹೋ ಎಂದು ನಕ್ಕವು. ಸಂಜೆಗೆ ನಾಲಿಗೆ ತೊದಲಿತು. ಒಂದು ಖಾಸಗಿ ದವಾಖಾನೆಗೆ ಒಯ್ದರು. ಅಲ್ಲಿನವರ ಕಣ್ಣಿಗೆ ನನ್ನ ಫೈಲಿನಲ್ಲಿ ಬಿದ್ದದ್ದು 'ಬೈಪೋಲಾರ್' ಎಂಬ ಒಂದೇ ಶಬ್ದ. "ಇದು ಅವರ ಹಳೇ ಮಾನಸಿಕದ್ದೇ, ನಿದ್ದಿ ಮಾಡ್ಸ್ರಿ" ಎಂದು ತಿರುಗಿ ಕಳಿಸಿದರು. ಮರುದಿನ ನಮ್ಮ ಮನೆಯವರು ನನ್ನ ಮನೋವೈದ್ಯರಿಗೆ ಫೋನು ಹಚ್ಚಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಡುವೆ ಬೇರೆ ಯಾವ ಗುಳಿಗಿ ತಗೊಂಡಾರ?" ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ 0.6ರಿಂದ 1ರ ಆಸುಪಾಸು ಇರಬೇಕು. ನನಗೆ 2.1 ಬಂದಿತ್ತು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ನುಂಗಿದರೆ ಮೂತ್ರಪಿಂಡ ಲಿಥಿಯಮ್ಮನ್ನು ಹೊರಗೆ ಹಾಕುವುದು ಕಡಿಮೆಯಾಗುತ್ತದೆ, ಅದು ರಕ್ತದಲ್ಲೇ ಏರುತ್ತಾ ಹೋಗುತ್ತದೆ. ಅದರ ಮೇಲೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನ ಬೆವರು, ಭೇದಿ. ಸಂಧಿವಾತ ನೋಡುವವರಿಗೆ ನನ್ನ ಲಿಥಿಯಂ ಗೊತ್ತಿರಲಿಲ್ಲ, ಮನಸ್ಸು ನೋಡುವವರಿಗೆ ನನ್ನ ಮೊಣಕಾಲು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ಬಿಟ್ಟಿರಲಿಲ್ಲ.

ಗುಣವಾಗಿ ಬಂದ ಮೇಲೆ ಹಳೆಯ ಹಾಜರಿ ಪುಸ್ತಕದ ರಟ್ಟು ಕತ್ತರಿಸಿ, ಮಕ್ಕಳಿಗೆ ಬರೆಯುವಂಥ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ: "ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ. ನನ್ನ ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ ಕೊಡಬೇಡಿ. ಕೈನಡುಕ, ಭೇದಿ, ತೊದಲು ಕಂಡರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿ." ಕೆಳಗೆ ಫೋನ್ ನಂಬರು. ಮುಂದಿನ ಸಲ ಪಾಳಿ ಕಾಯುವಾಗ ಪಕ್ಕದಾಕೆ ಅದನ್ನು ತಿರುವಿ ನೋಡಿ, "ನಂಗೂ ಒಂದು ಬರಕೊಡ್ರಿ ಅಕ್ಕೋರ, ನಂಗೂ ಇದೇ ಗುಳಿಗಿ" ಅಂದಳು. ಬರೆದುಕೊಟ್ಟೆ. ನನ್ನ ಕೆಲಸ ಶುರುವಾದದ್ದು ಅಷ್ಟೇ. ಇವತ್ತಿಗೂ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ರಟ್ಟು, ಸ್ಕೆಚ್ ಪೆನ್ನು.

ಏನು ಹೇಳಲಿ ಎಂದು ಕೇಳಿದ್ದೀ. ಹೇಳುವುದು ಕಡಿಮೆ, ಕೇಳುವುದು ಜಾಸ್ತಿ. ಒಮ್ಮೆ ಲಕ್ಷ್ಮೇಶ್ವರದ ಕಡೆಯ ಒಬ್ಬ ಅಜ್ಜಿ ಬಾಯಿ ತುಂಬ ಹುಣ್ಣು ಮಾಡಿಕೊಂಡು ಬೆಂಚಿನ ತುದಿಗೆ ಕೂತಿದ್ದಳು. ರೊಟ್ಟಿ ಹೋಗಲಿ, ಗಂಜಿಯೂ ಇಳಿಯುತ್ತಿರಲಿಲ್ಲ. ಕೈಯಲ್ಲಿ ಮೆಥೊಟ್ರೆಕ್ಸೇಟ್ ಚೀಟಿ. ಸಂಧಿವಾತಕ್ಕೆ ನಾನೂ ನುಂಗುವ ಗುಳಿಗೆ ಅದು. "ಇದನ್ನ ಹೆಂಗ ತಗೋತೀ ಆಯಿ?" ಎಂದೆ. "ದಿನಾ ಉಂಡ ಮ್ಯಾಲ" ಅಂದಳು. ನನ್ನ ಎದೆ ಝಲ್ಲೆಂದಿತು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ನುಂಗುವುದು. ದಿನಾ ನುಂಗಿದರೆ ರಕ್ತವನ್ನೇ ಒಣಗಿಸಿ ಜೀವ ತೆಗೆಯಬಹುದು. "ನಿಲ್ಲಿಸು" ಎಂದು ನಾನು ಅನ್ನಲಿಲ್ಲ, ಅದು ನನ್ನ ಅಧಿಕಾರವಲ್ಲ. ಪಾಳಿ ಮುರಿದು ಅವಳನ್ನು ಒಳಗೆ ಕರೆದುಕೊಂಡು ಹೋಗಿ, "ಇವರು ದಿನಾ ತಗೊಳ್ಳಾಕತ್ತಾರ್ರೀ" ಎಂದೆ. ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರು. ಅಜ್ಜಿ ಉಳಿದಳು. ಅವಳ ಗುಳಿಗೆ ಡಬ್ಬಿಯ ಮೇಲೆ ಈಗ ನನ್ನ ಅಕ್ಷರದಲ್ಲಿ 'ಸೋಮವಾರ' ಎಂದಿದೆ. ಓದು ಬಾರದ ಅವಳು ಅದನ್ನು ಮೊಮ್ಮಗನ ಕೈಲಿ ಓದಿಸುತ್ತಾಳೆ.

ಆ ಪ್ರಶ್ನೆ ನನಗೆ ಹೊಳೆದದ್ದು ನಾನೂ ಅದೇ ಗುಳಿಗೆ ನುಂಗುವವಳಾದ್ದರಿಂದ. ಗುಣವಾಗಿ ಎದ್ದು ಹೋದವರು ದವಾಖಾನೆಯ ಹಾದಿಯನ್ನೇ ಮರೆತಿರುತ್ತಾರೆ ತಂಗಿ. ನೀನು ಇನ್ನೂ ಅದೇ ಹಾದಿಯಲ್ಲಿದ್ದೀ. ಬಿಸಿಲಿಗೆ ಹೋದರೆ ಲೂಪಸ್ ಕೆರಳುತ್ತದೆ ಎಂದು, ಸ್ಟಿರಾಯ್ಡ್ ಏರಿಸಿದಾಗ ನಿದ್ದೆ ಹಾರಿ ಸಿಟ್ಟು ನೆತ್ತಿಗೇರುವುದು ಔಷಧದಿಂದಲೂ ಇರಬಹುದು ಎಂದು, ಹಾಗಂತ ಅದನ್ನು ತಾನಾಗಿ ಥಟ್ಟನೆ ಬಿಡಬಾರದು ಎಂದು, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ ನುಂಗುವವರು ಕಣ್ಣು ತೋರಿಸುತ್ತಿರಬೇಕು ಎಂದು ನಿನಗೆ ಈಗಾಗಲೇ ಗೊತ್ತಿರುತ್ತದೆ. ಹೊಸದಾಗಿ ಚೀಟಿ ಹಿಡಿದು ಬಂದ ಹುಡುಗಿಗೆ, ಡಾಕ್ಟರ ಹತ್ತಿರ ಏನು ಕೇಳಬೇಕು ಎಂಬ ನಾಲ್ಕು ಪ್ರಶ್ನೆ ಬರೆದುಕೊಟ್ಟರೂ ಅವಳ ಆರು ತಿಂಗಳು ಉಳಿಯುತ್ತದೆ. ಗುಳಿಗೆ ಹೆಚ್ಚು ಮಾಡು, ಕಡಿಮೆ ಮಾಡು, ಬಿಡು, ನನ್ನದನ್ನೇ ತಗೋ ಎಂಬ ಮಾತು ಮಾತ್ರ ಎಂದೂ ಬಾಯಿಂದ ಬರಕೂಡದು. ನನಗೂ ನಾಲಿಗೆ ತುದಿಯವರೆಗೆ ಬಂದದ್ದುಂಟು.

ಇನ್ನು ಆ ಎರಡು ದಿನದ ಹಾಸಿಗೆ. ಇಲ್ಲಿ ನಾನು ಮುಗ್ಗರಿಸಿದ್ದನ್ನು ಹೇಳುತ್ತೇನೆ, ಕೇಳು.

2016ರಲ್ಲಿ ನನ್ನ ಹೆಸರು ಸುತ್ತಲಿನ ಹತ್ತು ಊರಿಗೆ ಹರಡಿತ್ತು. ಬೆಳಗ್ಗೆ ಶಾಲೆ, ಮಧ್ಯಾಹ್ನ ಮಹಿಳಾ ಸಂಘ, ಸಂಜೆ ಮತ್ತೊಂದು ಊರಿನ ಸಮುದಾಯ ಭವನ. ರಾತ್ರಿ ಕೂತು ನೂರು ನೂರು ಕಾರ್ಡು ಬರೆಯುತ್ತಿದ್ದೆ. ಸಂಬಳದ ದುಡ್ಡಿನಲ್ಲಿ ಮೈಕು ಖರೀದಿಸಿದೆ. ಮೂರು ತಾಸು ಮಲಗಿದರೆ ಹೆಚ್ಚು, ದಣಿವೇ ಇಲ್ಲ. "ಅಕ್ಕೋರ ಹುರುಪು ನೋಡ್ರಿ" ಎಂದು ಶಾಲು ಹೊದಿಸಿದರು, ಹಾರ ಹಾಕಿದರು. ನಮ್ಮ ಮನೆಯವರು ಮಾತ್ರ ಕ್ಯಾಲೆಂಡರಿನಲ್ಲಿ ನಾನು ಮಲಗಿದ ತಾಸುಗಳನ್ನು ಬರೆದಿಡುತ್ತಿದ್ದರು: 4, 3, 3, 2. ಊರು ಸೇವೆ ಎಂದು ಕರೆದದ್ದು ಅಷ್ಟೂ ನನ್ನ ಕಾಯಿಲೆಯಾಗಿತ್ತು. ನಾಲ್ಕನೆಯ ಶಾಲಿನ ಮಾರನೆಯ ದಿನ ಹೆಡ್‌ಮಾಸ್ತರರ ಮೇಲೆ ಕೂಗಾಡಿ, ಪೇಟೆಯ ನಡುವೆ ನಿಂತು ಭಾಷಣ ಮಾಡಿ, ಧಾರವಾಡದಲ್ಲಿ ಒಂದು ತಿಂಗಳು ದಾಖಲಾದೆ. ಅದು ಇಳಿದ ಮೇಲೆ ಬಂತಲ್ಲ ಕತ್ತಲು, ಅದು ಎಂಟು ತಿಂಗಳು. ಆಗ ಕಾರ್ಡಿಗಾಗಿ ಬಾಗಿಲಿಗೆ ಬಂದವರನ್ನು ನಮ್ಮ ಮನೆಯವರೇ ಸಮಾಧಾನ ಮಾಡಿ ಕಳಿಸಬೇಕಾಯಿತು.

ಮತ್ತೆ ಎದ್ದ ಮೇಲೆ ಲೆಕ್ಕವನ್ನು ತಿರುವಿ ಹಾಕಿದೆ. ಮೈ ಚೆನ್ನಾಗಿರುವ ದಿನ ಎಷ್ಟು ಮಾಡಬಲ್ಲೆ ಎಂದು ಅಳೆಯುವುದನ್ನು ಬಿಟ್ಟೆ. ತೀರಾ ಕೆಟ್ಟ ವಾರದಲ್ಲೂ ಎಷ್ಟು ಮಾಡಬಲ್ಲೆ ಎಂದು ನೋಡಿದೆ. ವಾರಕ್ಕೆ ಒಂದು ದಿನ, ಎರಡು ತಾಸು, ಒಂದೇ ಬೆಂಚು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಾನೂ ಮಂಗಳವಾರ ಹೋಗುತ್ತೇನೆ. 2023ರಿಂದ ಶಕ್ತಿ ಬಸ್ಸು, ಆಧಾರ್ ತೋರಿಸಿದರೆ ಆಯಿತು. ನಾನು ಹೋಗದ ದಿನಕ್ಕೆ ಇನ್ನಿಬ್ಬರಿದ್ದಾರೆ, ಒಬ್ಬಳಿಗೆ ಮೂರ್ಛೆರೋಗ, ಇನ್ನೊಬ್ಬಳಿಗೆ ಸಕ್ಕರೆ ಮತ್ತು ಖಿನ್ನತೆ. ಮೂವರೂ ಒಟ್ಟಿಗೆ ಮಲಗಿದ ವಾರ ಬೆಂಚು ಖಾಲಿ. ಖಾಲಿ ಇರಲಿ ಬಿಡು, ದವಾಖಾನೆ ನಡೆಯುತ್ತದೆ. ನೀನೂ ಮೊದಲ ದಿನವೇ ಎಲ್ಲರೆದುರು ಹೇಳಿಬಿಡು: ನಾನು ಕಾಯಿಲೆಯವಳು, ಕೆಲವು ವಾರ ಬರುವುದಿಲ್ಲ. ಹೇಳಿ ತಪ್ಪಿಸಿಕೊಂಡವರನ್ನು ಯಾರೂ ನಗುವುದಿಲ್ಲ.

ಇನ್ನೊಂದು ಕಾಗದವನ್ನೂ ಮಾಡಿಟ್ಟಿದ್ದೇನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಮ್ಮಂಥವರಿಗೆ 'ಮುಂಗಡ ನಿರ್ದೇಶನ' ಬರೆದಿಡುವ ಹಕ್ಕು ಕೊಟ್ಟಿದೆ: ಮುಂದೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾಗ ನನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ನನ್ನ ಪರವಾಗಿ ಮಾತಾಡುವವರು ಯಾರು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಕಾಯ್ದೆ ಕೇಳದ ಒಂದು ಸಾಲನ್ನು ಮನೆಯ ಪ್ರತಿಯಲ್ಲಿ ಸೇರಿಸಿದ್ದೇನೆ: "ನಾನು ಮೂರು ದಿನ ಸಾಲಾಗಿ ನಾಲ್ಕು ತಾಸಿಗಿಂತ ಕಡಿಮೆ ಮಲಗಿದರೆ ನನ್ನ ಫೋನು, ಪಾಸ್‌ಬುಕ್ಕು ನಮ್ಮ ಮನೆಯವರ ಕೈಗೆ." ಎರಡು ಸಲ ಕಸಿದುಕೊಂಡಿದ್ದಾರೆ. ಬೈದಿದ್ದೇನೆ, ಕೊಟ್ಟಿದ್ದೇನೆ.

ನಿನ್ನ ಅತ್ತೆಯವರನ್ನು ಮುಂದಿನ ಸಲ ದವಾಖಾನೆಗೆ ಜೊತೆಯಲ್ಲಿ ಕರೆದುಕೊಂಡು ಹೋಗು. ಪಾಳಿಯಲ್ಲಿ ಎರಡು ತಾಸು ಕೂತರೆ ಅವರೇ ನಾಲ್ಕು ಜನರ ಉಸಾಬರಿ ಹಚ್ಚಿಕೊಂಡು ಬರುತ್ತಾರೆ. ನಮ್ಮತ್ತೆ ಹಾಗೇ ಮಾಡಿದರು.

ಪ್ರಶ್ನೆ: ನನಗೆ 41. ವಾರಕ್ಕೆರಡು ಸಲ ಡಯಾಲಿಸಿಸ್, ಜೊತೆಗೆ ಆತಂಕದ ಕಾಯಿಲೆ. ಡಯಾಲಿಸಿಸ್‌ಗೆ ಬರುವವರೆಲ್ಲ ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದ್ದೇವೆ, ನಾನೇ ಮುಂದಾಳು. ಹೋದ ತಿಂಗಳು ಒಬ್ಬ ಗೆಳೆಯ ರಾತ್ರಿ ಎರಡಕ್ಕೆ ಫೋನು ಮಾಡಿ "ಸಾಕಾಗೇತಿ, ಇನ್ನ ಮಷೀನಿಗೆ ಬರಾಂಗಿಲ್ಲ, ಸಾಯ್ತೀನಿ" ಎಂದ. ಬೆಳಗಿನವರೆಗೆ ಮಾತಾಡಿದೆ. ಅವನು ಈಗ ಆರಾಮ ಇದ್ದಾನೆ. ನನಗೆ ಮಾತ್ರ ಅಂದಿನಿಂದ ಫೋನು ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ.
– ಸಿಂಧನೂರಿನ ಓದುಗ

ಉತ್ತರ: ತಮ್ಮಾ, ಆ ರಾತ್ರಿ ನೀನು ಫೋನು ಎತ್ತಿದ್ದು, ಕೇಳಿದ್ದು ದೊಡ್ಡದು. ಮುಂದೆ ಹೀಗೆ ಬಂದರೆ, ಸುತ್ತಿಬಳಸದೆ "ಸಾಯಬೇಕು ಅನಸಾಕತ್ತೈತೇನು?" ಎಂದೇ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ನಿಜವಲ್ಲ. ಆಮೇಲೆ ಮನೆಯಲ್ಲಿ ಯಾರಿದ್ದಾರೆ ಕೇಳಿ ಅವರನ್ನು ಎಬ್ಬಿಸು. ಹೊಲಮನೆಯವರಾದರೆ ಎಣ್ಣೆ ಡಬ್ಬಿ ಎಲ್ಲಿದೆ ಎಂದು ವಿಚಾರಿಸಿ, ಅದನ್ನು ಬೇರೆ ಮನೆಗೆ ಸಾಗಿಸಲು ಹೇಳು. ಎಣ್ಣೆ ಎಂದರೆ ಬೆಳೆಗೆ ಹೊಡೆಯುವುದು, ನಮ್ಮ ಕಡೆ ಎಷ್ಟು ಜೀವ ಅದರಿಂದ ಹೋಗಿವೆ ಎಂದು ನಿನಗೆ ನಾನು ಹೇಳಬೇಕಿಲ್ಲ. ಅಪಾಯ ಅಲ್ಲೇ ಎದುರಿಗಿದ್ದರೆ 112. ಮರುದಿನ, ಅವನಿಗೆ ಹೇಳಿಯೇ, ಡಯಾಲಿಸಿಸ್ ಡಾಕ್ಟರಿಗೂ ವಿಷಯ ಮುಟ್ಟಿಸು. ಮಷೀನಿಗೆ ಬರುವುದಿಲ್ಲ ಎಂಬ ಮಾತು ಅವರಿಗೆ ಗೊತ್ತಾಗಲೇಬೇಕು.

ಬೆಳಗಿನವರೆಗೂ ನೀನೊಬ್ಬನೇ ಕೂರಬೇಕಾಗಿಲ್ಲ. ಟೆಲಿ-ಮಾನಸ್ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416 ನಂಬರಿದೆ. 2022ರ ಅಕ್ಟೋಬರ್ 10ರಿಂದ ನಡೆದಿದೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಿಗೆ ಆ ನಂಬರು ಕೊಡು. ಈ ಎದೆ ಹೊಡೆತದ ಸಲುವಾಗಿ ನೀನೂ ಅದಕ್ಕೆ ಮಾಡು, ನಿನ್ನ ಡಾಕ್ಟರಿಗೂ ಹೇಳು. ನನ್ನ ಫೋನು ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ಮಲಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹೆಸರಿನ ಕೆಳಗೆ ಬರೆದೇ ಇಟ್ಟಿದ್ದೇನೆ: "ರಾತ್ರಿ 9ರ ನಂತರ ನಾನಿಲ್ಲ, 14416 ಇದೆ." ಮೊದಲ ವಾರ ಕಲ್ಲುಮನಸ್ಸು ಮಾಡಿದಂತೆ ಅನಿಸಿತು. ಗುಂಪಿಗೆ ಇನ್ನೊಬ್ಬ ಮುಂದಾಳನ್ನು ಈ ತಿಂಗಳೇ ಆರಿಸಿಕೋ.

ಪ್ರಶ್ನೆ: ವಯಸ್ಸು 27. ಸ್ಕಿಜೋಫ್ರೇನಿಯಾಕ್ಕೆ ನಾಲ್ಕು ವರ್ಷದಿಂದ ಚಿಕಿತ್ಸೆ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ನಾನು ಓದಿದ ಕಾಲೇಜಿನವರು ನನ್ನ ಕಥೆ ಹೇಳಲು ಕರೆದಿದ್ದಾರೆ. ಹೆಸರು ಹೇಳಿ ಮಾತಾಡುವ ಆಸೆ. ತಂಗಿಗೆ ವರ ನೋಡುತ್ತಿದ್ದಾರೆ, ಅಪ್ಪ ಬೇಡವೇ ಬೇಡ ಎನ್ನುತ್ತಾರೆ. ಹೆದರಿ ಕೂತರೆ ಸಮಾಜ ಬದಲಾಗುವುದು ಯಾವಾಗ?
– ಎಂ., ಬೆಂಗಳೂರು

ಉತ್ತರ: ಸಮಾಜ ಈ ಅಕ್ಟೋಬರಿನಲ್ಲೇ ಬದಲಾಗಬೇಕೆಂದೇನಿಲ್ಲ ತಮ್ಮಾ. ಹೆಸರು ಹೇಳುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ, ಮತ್ತೆ ಹಾಲು ಮಾಡಲಾಗದು. ನಾನು ಕಾಯಿಲೆ ಬಂದ ವರ್ಷ ನಮ್ಮ ಹೆಡ್‌ಮಾಸ್ತರರೊಬ್ಬರಿಗೆ ಹೇಳಿದೆ, ರಜೆ ಬೇಕಿತ್ತು. ಶಾಲೆಯ ಉಳಿದವರಿಗೆ ಮೂರು ವರ್ಷದ ನಂತರ. ಊರಿಗೆ ನಾನು ಹೇಳಲೇ ಇಲ್ಲ, ಪೇಟೆಯ ಭಾಷಣದ ದಿನ ಊರೇ ನೋಡಿತು. ಹೇಳುವ ಮಾತು ಅಲ್ಲಿಗೆ ನನ್ನ ಕೈ ತಪ್ಪಿಹೋಗಿತ್ತು. ನಿನ್ನದು ಇನ್ನೂ ನಿನ್ನ ಕೈಯಲ್ಲಿದೆ, ಬೆಲೆ ತಿಳಿದು ಬಳಸು.

ಅಪ್ಪನ ಹೆದರಿಕೆಯನ್ನು ಅಜ್ಞಾನ ಎನ್ನಬೇಡ. ವರನ ಕಡೆಯವರು ಏನೇನು ಕೇಳುತ್ತಾರೆಂದು ಅವರು ನಿನಗಿಂತ ಚೆನ್ನಾಗಿ ಬಲ್ಲರು. ಆದರೆ ನಿಮ್ಮಿಬ್ಬರ ಜಗಳದಲ್ಲಿ ತಂಗಿಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಅವಳೊಂದಿಗೆ ಕೂತು ಮಾತಾಡು. ಅಣ್ಣನ ಕಾಯಿಲೆ ಕೇಳಿ ಎದ್ದು ಹೋಗುವ ಮನೆ ನನಗೆ ಬೇಡ ಎಂದು ಅವಳೇ ಹೇಳಿದರೆ ಅಪ್ಪನ ಮಾತಿಗೆ ಅಷ್ಟು ಬಲವಿರುವುದಿಲ್ಲ. ಈಗ ಬೇಡಣ್ಣ ಎಂದರೆ ಒಂದು ವರ್ಷ ಕಾಯುವುದು ನಿನಗೆ ಸೋಲಲ್ಲ. ಅಷ್ಟರಲ್ಲಿ ಹೆಸರಿಲ್ಲದೆ ಮಾಡುವ ಕೆಲಸ ರಾಶಿ ಬಿದ್ದಿದೆ. ಇದೇ ಅಂಕಣಕ್ಕೆ 'ಎಂ.' ಎಂದು ಬರೆದಿದ್ದೀಯಲ್ಲ, ಅದೂ ಒಂದು.

ಹೋಗಿಯೇ ತೀರುವುದಾದರೆ, ಕಾಲೇಜಿನವರಿಗೆ ಮೊದಲೇ ಪತ್ರದಲ್ಲಿ ಕೇಳು: ವಿಡಿಯೊ ಮಾಡುತ್ತೀರಾ, ಎಲ್ಲಿ ಹಾಕುತ್ತೀರಿ, ತೆಗೆಯಿರಿ ಎಂದರೆ ತೆಗೆಯುತ್ತೀರಾ. ಚಿಕಿತ್ಸೆಯಲ್ಲಿರುವವರ ಫೋಟೊ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು ಮೇಲೆ ಹೇಳಿದ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಆದರೆ ನೀನೇ ವೇದಿಕೆ ಹತ್ತಿ ಒಪ್ಪಿಗೆ ಕೊಟ್ಟ ಮೇಲೆ ಮೊಬೈಲು ಹಿಡಿದ ಇನ್ನೂರು ಹುಡುಗರನ್ನು ಯಾವ ಕಲಮೂ ಹಿಡಿಯದು. ಹೇಳದೆ ಉಳಿಸಿಕೊಳ್ಳುವ ಮಾತು ಯಾವುದು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗು. ಕಾಯಿಲೆ ಜೋರಾಗಿದ್ದಾಗ ಮನೆಯವರಿಗೆ ನಾನು ಏನಂದೆ ಎಂಬುದನ್ನು ನಾನು ಇದುವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಪ್ರಶ್ನೆ: ನನ್ನ ಮಗನ ಮಾನಸಿಕ ಕಾಯಿಲೆಯ ಗುಳಿಗೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ತಿಂಗಳಿಂದ "ಬಂದಿಲ್ಲ, ಹೊರಗ ತಗೋರಿ" ಎನ್ನುತ್ತಾರೆ. ನಾನೇ ಸಕ್ಕರೆ, ಬಿಪಿ ಇದ್ದವನು, ಜಗಳಾಡುವ ಶಕ್ತಿ ಇಲ್ಲ.
– ಒಬ್ಬ ತಂದೆ, ಊರು ಬೇಡ

ಉತ್ತರ: ಅಣ್ಣಾವ್ರ, ಜಗಳ ಬೇಡ, ಕಾಗದ ಸಾಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಮಿನಂತೆ, ಅಗತ್ಯ ಔಷಧ ಪಟ್ಟಿಯಲ್ಲಿರುವ ಗುಳಿಗೆ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಯವರಿಗೆ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಮೊದಲು ಚೀಟಿಯ ಮೇಲೆ 'ದಾಸ್ತಾನು ಇಲ್ಲ' ಎಂದು ಬರೆದುಕೊಡಿ ಎನ್ನಿ. ಅರ್ಧ ಸಲ ಇಷ್ಟಕ್ಕೇ ಒಳಗಿನಿಂದ ಗುಳಿಗೆ ಬರುವುದನ್ನು ನಾನು ನೋಡಿದ್ದೇನೆ. ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ಹೀಗೆ ಬರೆಯಿರಿ: "ಕಳೆದ ಆರು ತಿಂಗಳಲ್ಲಿ ಈ ಗುಳಿಗೆಗೆ ಯಾವ ದಿನಾಂಕದಂದು ಬೇಡಿಕೆ ಕಳಿಸಲಾಗಿದೆ, ಎಷ್ಟು ಬಂದಿದೆ, ಎಷ್ಟು ಹಂಚಲಾಗಿದೆ, ದಾಸ್ತಾನು ಪುಸ್ತಕದ ನಕಲು ಕೊಡಿ." 30 ದಿನದಲ್ಲಿ ಉತ್ತರ ಬರಬೇಕು. ನಾನು ಇಂಥವು ಏಳು ಹಾಕಿದ್ದೇನೆ, ಹಾಸಿಗೆಯಲ್ಲಿ ಮಲಗಿಯೇ ಬರೆದದ್ದು ನಾಲ್ಕು.

ಅಲ್ಲಿಯವರೆಗೆ ಗುಳಿಗೆ ತಪ್ಪಿಸಬೇಡಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಒಂದು ಮಾತು ನಿಮಗೆ ತಿಳಿದಿರಲಿ. ದೊಡ್ಡ ಆಸ್ಪತ್ರೆಗೆ ಹೋಗದೆ, ಊರ ಹತ್ತಿರವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಯಿಂದ ಮನಸ್ಸಿನ ಕಾಯಿಲೆಗೆ ಔಷಧ ಕೊಡಿಸಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನೀವು ಕೇಳುತ್ತಿರುವುದು ಹೊಸದೇನಲ್ಲ.

ಪ್ರಶ್ನೆ: ಮಾನಸಿಕ ಕಾಯಿಲೆಗೆ ಆರೋಗ್ಯ ವಿಮೆ ಇಲ್ಲವೆಂದು ಏಜೆಂಟರು ಹೇಳುತ್ತಾರೆ, ನಿಜವೇ?
– ಗೃಹಿಣಿ, ಶಿರಸಿ

ಉತ್ತರ: ಅಲ್ಲ. ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆಯ 21ನೇ ಕಲಮಿನ 4ನೇ ಉಪಕಲಮಿನಲ್ಲಿದೆ. ಏಜೆಂಟರ ಬಾಯಿಮಾತು ಬಿಟ್ಟು ಕಂಪನಿಯಿಂದ ಬರಹದಲ್ಲಿ ಕೇಳಿ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ, ಮುಂದೆ ಅದನ್ನೇ ನೆಪ ಮಾಡುತ್ತಾರೆ.

(ಪತ್ರ ಬರೆಯುವವರು ಗಮನಿಸಿ: ಗುಳಿಗೆಯ ಫೋಟೊ ಕಳಿಸಿ "ಇದನ್ನು ಬಿಡಲೇ?" ಎಂದು ಕೇಳಿದ ಹನ್ನೊಂದು ಪತ್ರಗಳಿಗೆ ಉತ್ತರಿಸಿಲ್ಲ, ಉತ್ತರಿಸುವುದೂ ಇಲ್ಲ. ಮಂಗಳವಾರ ಟಪಾಲು ನೋಡುವುದಿಲ್ಲ.)